ಒಂದೇ ದೋಣಿಗೆ ಎರಡು ಮೋಟಾರು ಏಕೆ?

ಪ್ರಶ್ನೆ: ಅಮೆರಿಕದಲ್ಲಿ ಹವ್ಯಾಸಕ್ಕೆ ಬಾಸ್ ಮೀನು ಹಿಡಿಯುವವರ ದೋಣಿಗೆ ಹಿಂದೆ ದೊಡ್ಡ ಎಂಜಿನ್ ಇದ್ದರೂ ಮುಂದೆ ಪುಟ್ಟ ಮೋಟಾರು ಏಕಿರುತ್ತದೆ?

ಉತ್ತರ: ಹಿಂದಿನದು ಓಟಕ್ಕೆ, ಮುಂದಿನದು ಬೇಟೆಗೆ. ಪೆಟ್ರೋಲ್ ಎಂಜಿನ್ ಸರೋವರದ ಆಚೆ ದಡಕ್ಕೆ ಬೇಗ ಮುಟ್ಟಿಸುತ್ತದೆ. ಆದರೆ ಬಾಸ್ ಹೆಚ್ಚಾಗಿ ಅಡಗುವುದು ದಡದಂಚಿನ ಜೊಂಡು, ಮುಳುಗಿದ ಮರಗಳ ನಡುವೆ. ಮೀನಿನ ಮೈಪಕ್ಕದಲ್ಲಿರುವ ಸಂವೇದನಾ ರೇಖೆ ನೀರಿನ ಕಂಪನವನ್ನು ಗ್ರಹಿಸುವುದರಿಂದ ಎಂಜಿನ್ ಗದ್ದಲಕ್ಕೆ ಅದು ಬೆದರಬಹುದು. ಮುಂದಿನ ಪುಟ್ಟ ಮೋಟಾರು, ಅಂದರೆ ಬ್ಯಾಟರಿಯಿಂದ ನಡೆಯುವ ಟ್ರೋಲಿಂಗ್ ಮೋಟಾರಿಗೆ ಸದ್ದು ಕಡಿಮೆ. ಕಾಲಿನ ಪೆಡಲ್ ಇರುವ ಮಾದರಿಯಾದರೆ ಎರಡೂ ಕೈ ಗಾಳಕ್ಕೇ ಮೀಸಲು. ಮುಂದೆ ಕೂರಿಸಿದಾಗ ಅದು ದೋಣಿಯನ್ನು ತಳ್ಳದೆ ಎಳೆಯುತ್ತದೆ. ಗಾಳಿ ಬೀಸಿದರೂ ದಿಕ್ಕು ಕಾಯುವುದು ಸುಲಭ. ಈ ಮೋಟಾರು ಕೊಳ್ಳುವಾಗ ಜನ, ಸಾಮಾನು ಸೇರಿದ ದೋಣಿಯ ತೂಕದ ಪ್ರತಿ 100 ಪೌಂಡಿಗೆ ಕನಿಷ್ಠ 2 ಪೌಂಡ್ ನೂಕುಬಲ ಇರಲಿ ಎಂಬುದು ರೂಢಿಯ ಲೆಕ್ಕ.