ಸತ್ತೂರಿನ ದಂತ ಆಸ್ಪತ್ರೆಯಲ್ಲಿ ಒಂದು ದವಡಿ ಹಲ್ಲು

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯಿಂದ ಹೊರಟವರು ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತುತ್ತಾರೆ. ಧಾರವಾಡದ ಹಾದಿಯಲ್ಲಿ ಸತ್ತೂರು. 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಇರುವುದು ಇಲ್ಲಿಯೇ.

ಸರದಿಗಾಗಿ ಕಾಯುತ್ತಿದ್ದ ಅಣ್ಣಿಗೇರಿ ಕಡೆಯ ರೈತರೊಬ್ಬರು ಎಡಗೆನ್ನೆ ಒತ್ತಿಕೊಂಡೇ ಮಾತಾಡಿದರು. “ಹೋದ ಸುಗ್ಗ್ಯಾಗ ರೂಟ್ ಕೆನಾಲ್ ಮಾಡಿಸಿದ್ನಿರಿ. ನೋವು ನಿಂತ್ತು, ಕ್ಯಾಪ್ ಹಾಕಸೂದು ಬಿಟ್ಟೆ. ಮೊನ್ನಿ ಕಡಕ್ ರೊಟ್ಟಿ ಕಡದಾಗ ಟಕ್ ಅಂತು.”

ಹಳ್ಳಿಯಲ್ಲಿ ಇದು ಮತ್ತೆ ಮತ್ತೆ ಕೇಳುವ ಕತೆ. ನೋವು ಹೋದರೆ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಹುಳುಕು ತಿಂದು, ಒಳಗಿನ ನರದ ಕೋಣೆ ತೆರೆದು ತುಂಬಿದ ದವಡಿ ಹಲ್ಲಿನಲ್ಲಿ ಉಳಿದಿರುವುದು ಸುತ್ತಲಿನ ತೆಳು ಗೋಡೆ ಮಾತ್ರ. ಅಗಿಯುವಾಗ ಬೀಳುವ ಭಾರ ಆ ಗೋಡೆಗಳನ್ನು ಹೊರಕ್ಕೆ ದೂಡುತ್ತದೆ. ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕೂಡಿಸಿದಂತೆ ಹೊರಗಿನಿಂದ ಬಿಗಿದರೆ ಮಾತ್ರ ಹಲ್ಲು ತಾಳುತ್ತದೆ. ಕ್ಯಾಪ್ ಮಾಡುವ ಕೆಲಸ ಅದೇ.

ಯುವ ವೈದ್ಯೆ ಕನ್ನಡಿ ಹಿಡಿದು ನೋಡಿದರು. “ಕಾಕಾ, ಒಡದದ್ದು ಒಸಡಿನ ಮ್ಯಾಲೇ ನಿಂತೈತಿ. ಉಳಸಬಹುದು.” ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಇದ್ದರೆ ಕ್ಯಾಪಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಬಿರುಕು ಬೇರಿನೊಳಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಕೀಳುವುದೇ ದಾರಿ.

ಮುರಿದ ಭಾಗವನ್ನು ಮೊದಲು ಕಟ್ಟಿ, ಆಮೇಲೆ ಹಲ್ಲನ್ನು ಸುತ್ತಲೂ ಒಂದು, ಒಂದೂವರೆ ಮಿಲಿಮೀಟರ್ ಸವರುತ್ತಾರೆ. ಒಸಡನ್ನು ಸರಿಸಲು ಸಣ್ಣ ದಾರ ತುರುಕಿ, ಹಿಟ್ಟಿನಂಥ ಪುಟ್ಟಿಯಲ್ಲಿ ಅಳತೆ ತೆಗೆಯುತ್ತಾರೆ. ಕ್ಯಾಪ್ ಸಿದ್ಧವಾಗುವವರೆಗೆ ತಾತ್ಕಾಲಿಕ ಪ್ಲಾಸ್ಟಿಕ್ ಟೊಪ್ಪಿಗೆ. ಒಂದೆರಡು ಮೊನೆ ಮಾತ್ರ ಮುರಿದು ಉಳಿದದ್ದು ಗಟ್ಟಿ ಇದ್ದರೆ ಆನ್‌ಲೇ ಸಾಕು: ಆ ಮೊನೆಗಳನ್ನಷ್ಟೇ ಮುಚ್ಚುವ, ಹೊರಗೆ ಮಾಡಿ ತಂದು ಅಂಟಿಸುವ ತುಂಡು. ಕ್ಯಾಪ್ ಗೊತ್ತಿದ್ದವರಿಗೂ ಇದರ ಹೆಸರು ಅಷ್ಟಾಗಿ ಗೊತ್ತಿಲ್ಲ. ಸವರಿದ ದಂತಕವಚ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ “ಆನ್‌ಲೇ ಆಗತೈತೇನ್ರಿ?” ಎಂದು ಕೇಳಲೇಬೇಕು.

ಕ್ಯಾಪ್ ಹುಟ್ಟುವ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಅಳತೆಯಿಂದ ಗಚ್ಚಿನ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹಲ್ಲು ತಿದ್ದುತ್ತಾರೆ. ಆ ಮೇಣವನ್ನು ಶಾಖ ತಾಳುವ ಮಣ್ಣಿನಂಥ ಪುಡಿಯಲ್ಲಿ ಹುದುಗಿಸಿ ಕುಲುಮೆಗಿಡುತ್ತಾರೆ. ಮೇಣ ಕರಗಿ ಸುಟ್ಟುಹೋದ ಜಾಗಕ್ಕೆ ಕರಗಿದ ಲೋಹ ನುಗ್ಗುತ್ತದೆ. ನಮ್ಮ ಗುಡಿಗಳ ಪಂಚಲೋಹದ ಮೂರ್ತಿ ಎರಕ ಹೊಯ್ಯುವ ವಿಧಾನವೇ ಇದು. ಹಲ್ಲಿನ ಕೆಲಸಕ್ಕೆ ಇದನ್ನು 1907ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಲಿಯಂ ಟ್ಯಾಗರ್ಟ್. ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್ ಕ್ಯಾಪಿನ ರೀತಿಯೇ ಬೇರೆ. ಯಂತ್ರ ಅದನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆಯುತ್ತದೆ, ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಕುಗ್ಗಿ ಅಳತೆಗೆ ಬರುತ್ತದೆ.

ಯಾವುದು ಬೇಕು? ನಕ್ಕರೂ ಕಾಣದ ಹಿಂದಿನ ಹಲ್ಲಿಗೆ ಬರೀ ಲೋಹದ ಕ್ಯಾಪ್ ಧಾರಾಳವಾಗಿ ಸಾಕು ಎನ್ನುತ್ತೇನೆ. ಬೆಲೆ ಕಡಿಮೆ, ಹಲ್ಲು ಸವರುವುದೂ ಕಡಿಮೆ. ಮೇಲೆ ಪಿಂಗಾಣಿ ಹಚ್ಚಿದ್ದು ಚಂದ ಕಾಣುತ್ತದೆ, ಆದರೆ ಪಿಂಗಾಣಿ ಚಕ್ಕೆ ಏಳಬಹುದು.

ಕ್ಯಾಪಿನ ದುಡ್ಡಿನಷ್ಟೇ ಭಾರ ಓಡಾಟದ್ದು. ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ, ಬಿತ್ತಿಗೆಯ ಹೊತ್ತಿನಲ್ಲಂತೂ ಯಾರೂ ಬರುವುದಿಲ್ಲ. ಹಲ್ಲೆಲ್ಲ ಕಳೆದುಕೊಂಡ ಬಡ ಹಿರಿಯರಿಗೆ ಪುಕ್ಕಟೆ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ 2014ರಲ್ಲಿ ಶುರುವಾಯಿತು. ಇರುವ ಹಲ್ಲು ಉಳಿಸುವ ಕ್ಯಾಪಿಗೂ ತಾಲ್ಲೂಕು ಆಸ್ಪತ್ರೆಯಲ್ಲೇ ಅಂಥ ನೆರವು ಸಿಗಬೇಕು.

ಹೊರಡುವ ಮುಂಚೆ ವೈದ್ಯೆ ರೈತರಿಗೆ ಎರಡು ಮಾತು ಹೇಳಿದರು. ಕ್ಯಾಪಿಗೆ ಹುಳುಕು ಹತ್ತುವುದಿಲ್ಲ, ಅದರ ಅಂಚಿನ ಕೆಳಗಿನ ಹಲ್ಲಿಗೆ ಹತ್ತುತ್ತದೆ. ಆ ಅಂಚಿನಲ್ಲಿ ದಿನಾ ಬ್ರಶ್ ಆಡಬೇಕು. ಎಂದಾದರೂ ಕಳಚಿ ಬಂದರೆ ಅಂಗಡಿಯ ಗೋಂದು ಹಚ್ಚಬಾರದು, ಒಗೆಯಲೂಬಾರದು. “ಚೀಟ್ಯಾಗ ಸುತ್ತಿ ತಗೊಂಡ ಬರ್ರಿ ಕಾಕಾ, ಒಳಗಿನ ಹಲ್ಲು ಚಲೋ ಇದ್ರ ಅದನ್ನ ತಿರಗಿ ಕೂಡಸತೇವಿ.”