ನಿಮ್ಮ ರಕ್ತ ಪರೀಕ್ಷೆಯೂ ಕಾಂತದ ಮಣಿಗಳೂ

ಥೈರಾಯ್ಡ್ ಪರೀಕ್ಷೆಗೆ ನೀವು ಕೊಟ್ಟ ರಕ್ತ ಲ್ಯಾಬಿನಲ್ಲಿ ಏನಾಗುತ್ತದೆ ಗೊತ್ತೇ? ಈಗಿನ ಅನೇಕ ಯಂತ್ರಗಳಲ್ಲಿ ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಬೆರೆಸುತ್ತಾರೆ. ಮಣಿಯೊಳಗೆ ಕಬ್ಬಿಣದ ಆಕ್ಸೈಡ್ ಇರುತ್ತದೆ. ಹೊರಮೈಯಲ್ಲಿ ಹಾರ್ಮೋನನ್ನು ಹಿಡಿಯುವ ಏರ್ಪಾಡು. ಪಕ್ಕಕ್ಕೆ ಅಯಸ್ಕಾಂತ ಬಂದೊಡನೆ ಮಣಿಗಳು ಹಿಡಿದದ್ದರ ಸಮೇತ ಗೋಡೆಗೆ ಅಂಟುತ್ತವೆ. ಉಳಿದದ್ದನ್ನು ತೊಳೆದು ಚೆಲ್ಲಿ ಅಳತೆ ಮಾಡುತ್ತಾರೆ.

ಮಣಿಗಳು ಒಂದೇ ಗಾತ್ರದವಾಗಿರದಿದ್ದರೆ ಲೆಕ್ಕ ತಪ್ಪುತ್ತದೆ. ಈ ತೊಡಕನ್ನು 1970ರ ದಶಕದಲ್ಲಿ ಬಿಡಿಸಿದವರು ನಾರ್ವೆಯ ಯೋನ್ ಉಗೆಲ್‌ಸ್ಟಾಡ್. ಅತಿ ಸಣ್ಣ ಪಾಲಿಸ್ಟೈರೀನ್ ಕಣಗಳನ್ನು ಬೀಜವಾಗಿಟ್ಟು, ಕಡಲೆ ನೀರು ಕುಡಿದು ಉಬ್ಬುವಂತೆ ಅವುಗಳಿಗೆ ಪ್ಲಾಸ್ಟಿಕ್ಕಿನ ಮೂಲದ್ರವ ಕುಡಿಸಿ ಗಟ್ಟಿ ಮಾಡಿದರು. ಬೀಜಗಳು ಸಮನಾಗಿ ಉಬ್ಬಿದವು, ಮಣಿಗಳೂ ಸಮನಾದವು. ಮುಂದೆ ರಂಧ್ರಗಳಿರುವ ಮಣಿಗಳೊಳಗೆ ಕಬ್ಬಿಣದ ಲವಣ ಇಳಿಸಿ, ಅಲ್ಲೇ ಆಕ್ಸೈಡ್ ಆಗಿಸಿ, ಮೇಲೆ ಪಾಲಿಮರ್ ಪದರ ಮುಚ್ಚಲಾಯಿತು. ಆಕ್ಸೈಡಿನ ಹರಳು ಎಷ್ಟು ಸಣ್ಣದೆಂದರೆ ಅಯಸ್ಕಾಂತ ಸರಿಸಿದೊಡನೆ ಅದರ ಕಾಂತಗುಣವೂ ಹೋಗುತ್ತದೆ. ಹಾಗಾಗಿ ಮಣಿಗಳು ಗಂಟು ಕಟ್ಟುವುದಿಲ್ಲ.

ಮಣಿ ಉರುಟಾಗಿಯೇ ಇರಬೇಕೆಂದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಜೋಸೆಫ್ ಡಿಸಿಮೋನ್ ತಂಡ 2005ರಲ್ಲಿ ಟೆಫ್ಲಾನಿನಂತೆ ಏನೂ ಅಂಟದ ಅಚ್ಚುಗಳಲ್ಲಿ ಬೇಕಾದ ಆಕಾರದ ಕಣ ತೆಗೆಯುವ ವಿಧಾನ ತೋರಿಸಿತು. ಇಡ್ಲಿ ತಟ್ಟೆಯ ಗುಳಿಗಳನ್ನು ನೆನೆಯಿರಿ. ಆಕ್ಸೈಡ್ ಕಲಸಿದ ದ್ರವ ತುಂಬಿ ಗಟ್ಟಿ ಮಾಡಿದರೆ ಗುಳಿಯ ಆಕಾರವೇ ಕಣದ ಆಕಾರ. ಕಡ್ಡಿಯಂಥ ಕಣವಾದರೆ ಅಯಸ್ಕಾಂತದ ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಇಂಥ ಕಣಗಳಿಂದ ದೇಹದೊಳಗೆ ಔಷಧ ಸಾಗಿಸುವುದು ಇನ್ನೂ ಸಂಶೋಧನೆಯ ಮಾತು. ಅದರ ಹೆಸರು ಹೇಳಿ ಯಾರಾದರೂ ಕಾಂತದ ಬಳೆ ಮಾರಲು ಬಂದರೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಹೇಳಲು ಕಾರಣ ಕೂದಲಿನ ಮಾತ್ರೆ. ಹಲವು ಕಿಟ್‌ಗಳಲ್ಲಿ ಮಣಿಯ ಹಿಡಿತ ನಿಂತಿರುವುದು ಬಯೋಟಿನ್ ಎಂಬ ವಿಟಮಿನ್ ಮೇಲೆ. ದಿನಕ್ಕೆ ನಮಗೆ ಬೇಕಾದದ್ದು 30-40 ಮೈಕ್ರೋಗ್ರಾಂ. ಕೂದಲು ಉದುರುತ್ತದೆಂದು ನುಂಗುವ ಮಾತ್ರೆಯಲ್ಲಿ 5-10 ಮಿಲಿಗ್ರಾಂ, ಅಂದರೆ ನೂರಾರು ಪಟ್ಟು! ರಕ್ತದಲ್ಲಿರುವ ಆ ಬಯೋಟಿನ್ ಮಣಿಯ ಮೇಲಿನ ಜಾಗವನ್ನೆಲ್ಲ ಹಿಡಿದು ಕೂರುತ್ತದೆ. ಆಗ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ರಿಪೋರ್ಟ್ ಬರಬಹುದು. ಇಲ್ಲದ ಕಾಯಿಲೆಗೆ ಔಷಧ ಶುರುವಾಗಬಹುದು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಕೆಲವು ಕಿಟ್‌ಗಳಲ್ಲಿ ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು, ಅದು ಇನ್ನೂ ಅಪಾಯ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಸಿದೆ.

ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ವೈದ್ಯರು ಹೇಳಿ ಕೊಟ್ಟದ್ದಾದರೆ ಅವರನ್ನು ಕೇಳಿಯೇ ನಿಲ್ಲಿಸಿ. ಎದೆನೋವೆಂದು ಆಸ್ಪತ್ರೆಗೆ ಹೋದಾಗ ಕಾಯುವಂತಿಲ್ಲ. ಈ ಮಾತ್ರೆ ತಿನ್ನುತ್ತಿದ್ದೇನೆ ಎಂದು ಅಲ್ಲಿಯೇ ಹೇಳಿಬಿಡಿ. ನಮ್ಮಂಥ ಹಕೀಮರು ಕೊಟ್ಟ ಔಷಧವಿದ್ದರೆ ಅದನ್ನೂ ಮುಚ್ಚಿಡಬೇಡಿ.