ನೋವಿನ ಹೆಸರುಗಳು

ನಮ್ಮ ನುಡಿಯಲ್ಲಿ ನೋವಿಗೆ ಹೆಸರುಗಳು ಬಹಳ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಗಾಯ ಉರಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಇದು ಕನ್ನಡದ ಶಬ್ದಸಂಪತ್ತು ಎಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಈ ಮಾತುಗಳು ರೋಗನಿದಾನಕ್ಕೂ ಒದಗುತ್ತವೆಂಬುದನ್ನು ಅರಿತದ್ದು ಅಣ್ಣನ ಕೊನೆಯ ದಿನಗಳಲ್ಲಿ.

ಅಣ್ಣನಿಗೆ ಕ್ಯಾನ್ಸರ್, ಗುಣವಾಗುವ ಹಂತ ದಾಟಿತ್ತು. “ಸೊಂಟದಿಂದ ಪಾದದವರೆಗೆ ಕೆಂಡ ಎಳೆದ ಹಾಗಾಗುತ್ತದೆ. ಪಂಚೆ ಸೋಕಿದರೂ ತಡೆಯಲಾರೆ” ಎನ್ನುತ್ತಿದ್ದ. ನಾವು ಮನೆಯವರು ವೈದ್ಯರಿಗೆ “ನೋವು ಹೆಚ್ಚಾಗಿದೆ” ಎಂದಷ್ಟೇ ತಿಳಿಸುತ್ತಿದ್ದೆವು. ಗುಳಿಗೆಯ ಪ್ರಮಾಣ ಏರಿತು, ನೋವು ಇಳಿಯಲಿಲ್ಲ. ಒಂದು ದಿನ ಉಪಶಮನ ಚಿಕಿತ್ಸೆಯ ದಾದಿಯೊಬ್ಬರು ಮನೆಗೆ ಬಂದರು. “ಎಷ್ಟು ನೋವು?” ಎಂದು ಕೇಳಿದ ಮೇಲೆ “ಎಂಥ ನೋವು?” ಎಂದೂ ಕೇಳಿ, ಅಣ್ಣನ ಮಾತನ್ನು ಇದ್ದಂತೆಯೇ ಬರೆದುಕೊಂಡರು.

ಮೂಳೆ, ಸ್ನಾಯು, ಚರ್ಮಗಳ ನೋವನ್ನು ಸಾಮಾನ್ಯವಾಗಿ ಬೆರಳಿಟ್ಟು ತೋರಿಸಬಹುದು; ಮೂಳೆಯದಾದರೆ ಅಲುಗಿದಾಗ ಹೆಚ್ಚುತ್ತದೆ. ಒಳಾಂಗಗಳ ನೋವಿಗೆ ನೆಲೆ ಸ್ಪಷ್ಟವಿಲ್ಲ. ಅದು ಹಿಂಡುತ್ತದೆ, ನುಲಿಯುತ್ತದೆ. ಯಕೃತ್ತಿನ ತೊಂದರೆ ಬಲಭುಜದಲ್ಲಿ ನೋವಾಗಿ ಕಾಣಿಸುವುದೂ ಉಂಟು. ನರಕ್ಕೇ ಪೆಟ್ಟಾದರೆ ಉರಿ, ಮಿಂಚು ಹೊಡೆದಂಥ ಸೆಳೆತ, ಜೋಮು; ಬಟ್ಟೆ ತಾಗಿದರೂ ಹಿಂಸೆ. ಇದಕ್ಕೆ ಸಾಧಾರಣ ನೋವಿನ ಗುಳಿಗೆ ಸಾಲದು, ಮಾರ್ಫಿನ್ ಸಹ ಹಲವು ವೇಳೆ ಪೂರ್ತಿ ನಾಟದು. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಕೊಡುವ ಗ್ಯಾಬಪೆಂಟಿನ್ ಇಂಥಲ್ಲಿ ನೆರವಿಗೆ ಬರುತ್ತವೆ. ವೈದ್ಯರು ಅಂಥದೊಂದನ್ನು ಸೇರಿಸಿದರು. ಕೆಲವು ದಿನಗಳಲ್ಲಿ ಅಣ್ಣ ಪಂಚೆಯುಟ್ಟು ಜಗುಲಿಯಲ್ಲಿ ಕುಳಿತ.

ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಶಬ್ದಗಳು 20 ಗುಂಪುಗಳಲ್ಲಿವೆ. ಮನಶ್ಶಾಸ್ತ್ರಜ್ಞನೊಬ್ಬ ನಿಘಂಟುಕಾರನ ಕೆಲಸ ಮಾಡಿದ್ದಾನೆ. ನಿಘಂಟಿನೊಡನೆಯೇ ಬಾಳಿದ ನನಗೆ ಅಣ್ಣನ ಉಪಮೆ ಬರಿಯ ಉಪಮೆಯಾಗಿ ಕೇಳಿಸಿತ್ತು!

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭಿಸಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿ, ಬಳಿಕ ಸಮಾಜಸೇವಕಿ, ಆಮೇಲೆ ವೈದ್ಯೆ. ಆಕೆ ‘ಸಮಗ್ರ ನೋವು’ ಎಂಬ ಕಲ್ಪನೆಯನ್ನು ಮುಂದಿಟ್ಟರು. ದೇಹದ ನೋವಿನೊಡನೆ ಮನಸ್ಸಿನದು, ಸಂಸಾರದ್ದು, ಆತ್ಮದ್ದು ಹೆಣೆದುಕೊಂಡಿರುತ್ತದೆ. ಹಾಗೆಂದು ದೇಹದ ನೋವು ಸುಳ್ಳೆಂದಲ್ಲ. ಅದಕ್ಕೆ ಔಷಧ ಮೊದಲು ಬೇಕು.

ಉರಿ ಇಳಿದ ಮೇಲೂ ಅಣ್ಣನಿಗೆ ರಾತ್ರಿ ನಿದ್ರೆಯಿರಲಿಲ್ಲ. ದಾದಿ ಹೇಳಿಕೊಟ್ಟಂತೆ ಈ ಸಲ ನಾನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಪಾಲಿನಲ್ಲಿ ಹೊಳೆಯಂಚಿನ ಗದ್ದೆ ನಿನಗೆ ಬರಬೇಕಿತ್ತು ಕಣೋ” ಎಂದ. ಮೂವತ್ತು ವರ್ಷದ ಹಿಂದಿನ ಮಾತು. ಬೆಳಗಿನ ಜಾವದವರೆಗೆ ಇಬ್ಬರೂ ಆ ಗದ್ದೆಯ ವಿಷಯ ಮಾತಾಡಿದೆವು.